ನೌಕರಿ, ಮನೆ, ಓಪನ್ ಸೋರ್ಸ್: ಮೂರನ್ನೂ ಹಿಡಿದುಕೊಂಡು ಹೋಗುವುದು ಹೇಗೆ?

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆಯವನು, ಹತ್ತು ವರ್ಷದಿಂದ ಪುಣೆಯಲ್ಲಿದ್ದೇನೆ. ವಾಕಡದಲ್ಲಿ ಮನೆ, ಹಿಂಜವಡಿ ಫೇಸ್ ಮೂರರಲ್ಲಿ ಆಫೀಸು. ಹೆಂಡತಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಮಗಳಿಗೆ ನಾಲ್ಕು ವರ್ಷ. ಅಪ್ಪ ನಮ್ಮ ಜೊತೆಗೇ ಇದ್ದಾರೆ, ಅವರಿಗೆ ಶುಗರ್ ಇದೆ. ಆರು ವರ್ಷದ ಹಿಂದೆ ಎಕ್ಸೆಲ್ ಫೈಲುಗಳಲ್ಲಿ ತಪ್ಪಾಗಿ ಬರುವ ತಾರೀಖುಗಳನ್ನು ಸರಿ ಮಾಡುವ ಸಣ್ಣದೊಂದು ಪೈಥಾನ್ ಲೈಬ್ರರಿ (ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಕೋಡು) ಬರೆದು, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಓಪನ್ ಸೋರ್ಸ್ ಆಗಿ, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ಗೆ ಹಾಕಿದೆ. ಈಗ ಎಲ್ಲೆಲ್ಲಿಯವರೋ ಅದನ್ನು ಬಳಸುತ್ತಾರೆ. ಇದರ ಜೊತೆಗೆ ಲಿನಕ್ಸ್ ಕಂಪ್ಯೂಟರುಗಳ ಗ್ನೋಮ್ ಡೆಸ್ಕ್‌ಟಾಪಿನ ಕನ್ನಡ ಅನುವಾದಕ್ಕೂ ಕೈ ಹಚ್ಚುತ್ತೇನೆ. ಎಲ್ಲರೂ ಮಲಗಿದ ಮೇಲೆ ರಾತ್ರಿ ಹನ್ನೊಂದರಿಂದ ಒಂದೂವರೆ ತನಕ ಕೂರುತ್ತೇನೆ. ಅದು ನನ್ನ ನಿದ್ದೆಯ ಸಮಯ, ಮನೆಯವರ ಸಮಯವಲ್ಲ. ಆದರೂ ಹೆಂಡತಿ ಮೊನ್ನೆ, “ಇದು ಪಗಾರ ಇಲ್ಲದ ನೌಕರಿ ಅಂತೀರಿ. ಇದರ ಪಗಾರ ನಾ ಕೊಡಾಕತ್ತೀನಿ” ಅಂದಳು. ಬಿಟ್ಟುಬಿಡೋಣವೆಂದರೆ ನಂಬಿದವರ ಕೈ ಬಿಟ್ಟಂತಾಗುತ್ತದೆ. ಇಶ್ಯೂ, ಅಂದರೆ ದೂರು, ಬೇಡಿಕೆ ಹಾಕುವವರು ಕೆಲವರು ಜೋರು ಮಾಡುತ್ತಾರೆ. ಪರಿಚಯವಿಲ್ಲದ ಒಬ್ಬ “ನಾನು ಕೋ-ಮೇಂಟೇನರ್ ಆಗುತ್ತೇನೆ”, ಲೈಬ್ರರಿಯನ್ನು ಜೊತೆಗೆ ನೋಡಿಕೊಳ್ಳುತ್ತೇನೆ ಎಂದು ಮೂರು ಸಲ ಮೇಲ್ ಮಾಡಿದ್ದಾನೆ. ಓಪನ್ ಸೋರ್ಸ್ ಕೆಲಸ ಇದ್ದರೆ ಮುಂದಿನ ನೌಕರಿಗೆ ಒಳ್ಳೆಯದು ಎಂದು ಗೆಳೆಯರು ಹೇಳುತ್ತಾರೆ. ಈ ನಡುವೆ ಕಂಪನಿಯ ಎಚ್‌ಆರ್‌ನವರು, ನೌಕರರು ಬರೆದ ಕೋಡೆಲ್ಲ ಕಂಪನಿಯದು ಎಂಬ ಫಾರ್ಮ್‌ಗೆ ಸಹಿ ಕೇಳಿದ್ದಾರೆ. ಏನು ಮಾಡಲಿ?

— ಹೆಸರು ಬೇಡ, ಪುಣೆ

ಉತ್ತರ: ಬಿಟ್ಟರೆ ಬಳಕೆದಾರರಿಗೆ ಮೋಸ, ಬಿಡದಿದ್ದರೆ ಮನೆಗೆ ಮೋಸ ಎಂಬ ಇಕ್ಕಟ್ಟಿನಲ್ಲಿದ್ದೀರಿ. ಪುಣೆಯ ಸಾಫ್ಟ್‌ವೇರ್ ಕಂಪನಿಗಳಲ್ಲಿ ಓಪನ್ ಸೋರ್ಸ್ ತಂಡಗಳನ್ನು ನೋಡಿಕೊಂಡವನು ನಾನು. ಸಂಬಳಕ್ಕೇ ಆ ಕೆಲಸ ಮಾಡುವವರನ್ನೂ, ಸಂಬಳದ ಕೆಲಸ ಮುಗಿಸಿ ರಾತ್ರಿ ಅದಕ್ಕೆ ಕೂರುವವರನ್ನೂ ಹತ್ತಿರದಿಂದ ಕಂಡಿದ್ದೇನೆ. ನಿಮ್ಮ ಇಕ್ಕಟ್ಟು ನಿಜವಾದದ್ದೇ. ಆದರೆ ಅದರ ಅರ್ಧ ಭಾರ, ಯಾರೂ ಹೊರಿಸದೆ ನೀವಾಗಿಯೇ ಹೊತ್ತುಕೊಂಡದ್ದು.

ಮೊದಲು ಹೆಂಡತಿಯ ಮಾತು. ಅವರ ಲೆಕ್ಕ ಸರಿಯಾಗಿದೆ. ನೀವು ರಾತ್ರಿಯ ಎರಡೂವರೆ ಗಂಟೆ ಎಣಿಸುತ್ತಿದ್ದೀರಿ, ಅವರು ಬೆಳಿಗ್ಗೆಯನ್ನು ಎಣಿಸುತ್ತಿದ್ದಾರೆ. ಒಂದೂವರೆಗೆ ಮಲಗಿದವರು ಆರಕ್ಕೆ ಏಳುವುದಿಲ್ಲ. ಆರಕ್ಕೆ ಹಾಲಿನ ಪ್ಯಾಕೆಟ್ ಒಳಗೆ ತಂದವರು ಯಾರು? ಮಾವನವರ ಶುಗರ್ ನೋಡಿ, ಮಾತ್ರೆ ಕೊಟ್ಟು, ತಿಂಡಿ ಬಡಿಸಿದವರು ಯಾರು? ಮಗಳ ತಲೆ ಬಾಚಿ, ಡಬ್ಬಿ ತುಂಬಿ, ಸ್ಕೂಲ್ ವ್ಯಾನಿಗೆ ಸೊಸೈಟಿ ಗೇಟಿನ ತನಕ ಎತ್ತಿಕೊಂಡು ಓಡಿದವರು ಯಾರು? ಅವರೇ ಆಮೇಲೆ ಬ್ಯಾಂಕಿನ ಕೌಂಟರಿನಲ್ಲಿ ದಿನವಿಡೀ ಗಿರಾಕಿಗಳ ಮುಖ ನೋಡಬೇಕು. ನೀವು ಎಂಟಕ್ಕೆ ಎದ್ದು ಭೂಮಕರ್ ಚೌಕದ ಟ್ರಾಫಿಕ್ಕಿಗೆ ಬೈಯುತ್ತ ಆಫೀಸು ಸೇರುವಷ್ಟರಲ್ಲಿ ಅವರ ಒಂದು ಪಾಳಿ ಮುಗಿದಿರುತ್ತದೆ. ನಿಮ್ಮ ಮನೆಯಲ್ಲಿ ಹೀಗೆಯೇ ನಡೆಯುತ್ತದೆಂದು ನನಗೆ ಗೊತ್ತಿಲ್ಲ. ಆದರೆ ಈ ಮಾತು ಹೊರಟ ಮನೆಗಳಲ್ಲಿ ನಾನು ವಿಚಾರಿಸಿದಾಗೆಲ್ಲ ಬೆಳಗಿನ ಕಥೆ ಹೆಚ್ಚುಕಡಿಮೆ ಇದೇ ಆಗಿತ್ತು. ಒಂದು ವಾರ ಬೆಳಿಗ್ಗೆ ಆರರಿಂದ ಒಂಬತ್ತರವರೆಗಿನ ಕೆಲಸಗಳನ್ನು ಇಬ್ಬರೂ ಕೂತು ಹಾಳೆಯ ಮೇಲೆ ಬರೆಯಿರಿ. ಮಾತುಕತೆ ಅಲ್ಲಿಂದ ಶುರುವಾಗಲಿ. “ಓಪನ್ ಸೋರ್ಸ್ ಎಷ್ಟು ದೊಡ್ಡ ಕೆಲಸ ಗೊತ್ತಾ” ಎಂದು ಶುರು ಮಾಡಿದರೆ ಅದು ಜಗಳವಾಗಿಯೇ ಮುಗಿಯುತ್ತದೆ.

ಇನ್ನು ನಂಬಿದವರ ಮಾತು. ನಿಮ್ಮ ಲೈಬ್ರರಿಯ ಲೈಸೆನ್ಸ್ ಫೈಲನ್ನು ಮತ್ತೊಮ್ಮೆ ತೆರೆದು ಓದಿ. ಲೈಸೆನ್ಸ್ ಎಂಐಟಿ ಇರಲಿ, ಅಪಾಚೆ ಇರಲಿ, ಜಿಪಿಎಲ್ ಇರಲಿ, ಎಲ್ಲದರಲ್ಲೂ ಈ ಮಾತು ಇದ್ದೇ ಇರುತ್ತದೆ: ಈ ಸಾಫ್ಟ್‌ವೇರನ್ನು ಇದ್ದ ಹಾಗೆ ಕೊಡಲಾಗಿದೆ, ಯಾವ ವಾರಂಟಿಯೂ ಇಲ್ಲ. ನೀವು ಕೊಟ್ಟದ್ದು ಕೋಡು. ರಾತ್ರಿ ಹನ್ನೆರಡಕ್ಕೆ ಉತ್ತರ ಕೊಡುತ್ತೇನೆ ಎಂದು ಎಲ್ಲಿಯೂ ಬರೆದುಕೊಟ್ಟಿಲ್ಲ. ಸ್ವಯಂಸೇವಕರು ನಡೆಸುವ ಲಿನಕ್ಸ್ ಸಿಸ್ಟಂ ಆದ ಡೆಬಿಯನ್‌ನಂಥ ದೊಡ್ಡ, ಶಿಸ್ತಿನ ಯೋಜನೆ ತನ್ನ ಸಂವಿಧಾನದಲ್ಲೇ ಇದನ್ನು ಬರೆದಿಟ್ಟಿದೆ. ಯೋಜನೆಗಾಗಿ ಕೆಲಸ ಮಾಡಲೇಬೇಕೆಂಬ ಕಡ್ಡಾಯ ಯಾರ ಮೇಲೂ ಇಲ್ಲ, ವಹಿಸಿದ ಕೆಲಸ ಬೇಡವೆನಿಸಿದವರು ಅದನ್ನು ಮಾಡಬೇಕಾಗಿಲ್ಲ ಎಂಬುದು ಅದರ ಅರ್ಥ. ತಮ್ಮ ಪಾಲಿನ ಪ್ಯಾಕೇಜ್ (ಸಾಫ್ಟ್‌ವೇರ್) ನೋಡಿಕೊಳ್ಳಲು ಆಗದವರು ಅಲ್ಲಿ ಸುಮ್ಮನೆ ಮಾಯವಾಗುವುದಿಲ್ಲ. ಸಹಾಯ ಬೇಕು, ಯಾರಾದರೂ ವಹಿಸಿಕೊಳ್ಳಿ, ನಾನು ಬಿಟ್ಟಿದ್ದೇನೆ ಎಂದು ಮೂರು ಹಂತಗಳಲ್ಲಿ ಬಹಿರಂಗವಾಗಿ ಹೇಳುವ ಪದ್ಧತಿಯೇ ಇದೆ. ಹಾಗೆ ಹೇಳಿದವರನ್ನು ಅಲ್ಲಿ ಯಾರೂ ದ್ರೋಹಿ ಅನ್ನುವುದಿಲ್ಲ. ತೊಂದರೆಯಾಗುವುದು ಏನೂ ಹೇಳದೆ ಆರು ತಿಂಗಳು ಸುಮ್ಮನಾದಾಗ. ಬಳಸುವವರಿಗೆ ಕಾಯಬೇಕೋ, ಬೇರೆ ದಾರಿ ನೋಡಬೇಕೋ ತಿಳಿಯುವುದಿಲ್ಲ.

ಓಪನ್ ಸೋರ್ಸ್ ಮಾಡುವವರೆಲ್ಲ ಹೀಗೆ ನಿದ್ದೆಗೆಟ್ಟೇ ಮಾಡುತ್ತಾರೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ಗೆ ಬರುವ ಬದಲಾವಣೆಗಳಲ್ಲಿ ಬಹುಪಾಲು ಕಂಪನಿಗಳ ಸಂಬಳ ಪಡೆಯುವ ಎಂಜಿನಿಯರುಗಳದು. ನಮ್ಮ ಪುಣೆಯನ್ನೇ ನೋಡಿ: ಅನೇಕ ಲಿನಕ್ಸ್ ವಿತರಣೆಗಳಲ್ಲಿ ಕನ್ನಡ ಕಾಣಿಸಿದ ಲೋಹಿತ್ ಫಾಂಟುಗಳ ಕೆಲಸ ಬಹುಕಾಲ ನಡೆದದ್ದು ಇಲ್ಲಿಯ ರೆಡ್ ಹ್ಯಾಟ್ ಎಂಬ ಲಿನಕ್ಸ್ ಕಂಪನಿಯ ಆಫೀಸಿನಲ್ಲಿ, ಹಗಲು ಹೊತ್ತಿನಲ್ಲಿ, ಸಂಬಳಕ್ಕೆ. ಇನ್ನೊಂದು ಕಡೆ, ಇಂಟರ್ನೆಟ್ಟಿನಲ್ಲಿ ಮಾಹಿತಿ ತರಲು, ಕಳಿಸಲು ಬಳಸುವ ಕರ್ಲ್ ಎಂಬ ಸಲಕರಣೆ ಇದೆ. ಡೇನಿಯಲ್ ಸ್ಟೆನ್‌ಬರ್ಗ್ 1998ರಲ್ಲಿ ಅದರ ಮೊದಲ ಆವೃತ್ತಿ ಬಿಟ್ಟರು. ಅದು ಅವರ ಪೂರ್ಣಾವಧಿ ಉದ್ಯೋಗವಾದದ್ದು 2019ರಲ್ಲಿ. ನಡುವಿನ ವರ್ಷಗಳಲ್ಲಿ ನೌಕರಿಯೂ ಇತ್ತು, ಮಕ್ಕಳೂ ಇದ್ದರು. ಇಪ್ಪತ್ತು ವರ್ಷ ಬಾಳುವ ಕೆಲಸಕ್ಕೆ ಇಪ್ಪತ್ತು ವರ್ಷ ತಡೆದುಕೊಳ್ಳುವ ವೇಗ ಬೇಕು. ದಿನವೂ ನಿದ್ದೆಗೆಟ್ಟು ಕೂರುವವರ ವೇಗ ಅದಲ್ಲ.

ನೌಕರಿಗೆ ಒಳ್ಳೆಯದು ಎನ್ನುವ ಗೆಳೆಯರ ಮಾತಿನಲ್ಲಿ ಸ್ವಲ್ಪ ನಿಜವಿದೆ. ಅಭ್ಯರ್ಥಿಗಳನ್ನು ಆರಿಸುವಾಗ ನಾನೂ ಅವರ ಗಿಟ್‌ಹಬ್ ನೋಡುತ್ತೇನೆ. ಯಾವ ದಿನ ಎಷ್ಟು ಕೆಲಸ ಎಂದು ತೋರಿಸುವ ಪ್ರೊಫೈಲಿನ ಹಸಿರು ಚೌಕಗಳನ್ನು ಎಣಿಸುವುದಿಲ್ಲ. ಎಷ್ಟು ದಿನ ಬಿಡದೆ ಕೋಡ್ ಹಾಕಿದಿರಿ ಎಂದು ತೋರಿಸುತ್ತಿದ್ದ ಲೆಕ್ಕವನ್ನು ಗಿಟ್‌ಹಬ್ 2016ರಲ್ಲೇ ತೆಗೆದುಹಾಕಿತು. ನಾನು ನೋಡುವುದು ಎರಡು ಮೂರು ಪುಲ್ ರಿಕ್ವೆಸ್ಟ್‌ಗಳನ್ನು, ಅಂದರೆ ಕೋಡ್ ಬದಲಾವಣೆಯ ಪ್ರಸ್ತಾಪಗಳನ್ನು. ಇನ್ನೊಬ್ಬರ ತಪ್ಪನ್ನು ಹೇಗೆ ಹೇಳಿದ್ದಾರೆ, ಬೇಡದ ಫೀಚರಿಗೆ ಹೇಗೆ ಇಲ್ಲ ಅಂದಿದ್ದಾರೆ, ಹಳೆಯ ಬಳಕೆದಾರರಿಗೆ ತೊಂದರೆಯಾಗದಂತೆ ಬದಲಾವಣೆ ಹೇಗೆ ತಂದಿದ್ದಾರೆ ಎಂದು. ಆರು ವರ್ಷದಲ್ಲಿ ಅಂಥ ಉದಾಹರಣೆಗಳು ನಿಮ್ಮಲ್ಲಿ ಬೇಕಾದಷ್ಟು ಆಗಿವೆ. ಇನ್ನು ಪ್ರತಿ ರಾತ್ರಿ ಕೂತು ಅದಕ್ಕೆ ಸೇರಿಸುವಂಥದ್ದು ಹೆಚ್ಚೇನಿಲ್ಲ.

ಹಾಗಿದ್ದರೂ ಬಿಡುವುದು ಯಾಕೆ ಕಷ್ಟ? ಇದನ್ನು ಹಗುರವಾಗಿ ತಳ್ಳಿಹಾಕಬೇಡಿ, ಹೆಂಡತಿಗೂ ಬಿಡಿಸಿ ಹೇಳಿ. ಆಫೀಸಿನಲ್ಲಿ ಮೂರು ತಿಂಗಳು ದುಡಿದದ್ದು ಒಂದು ಮೀಟಿಂಗಿನಲ್ಲಿ ರದ್ದಾಗುತ್ತದೆ. ಇಲ್ಲಿ ನೀವು ತಿದ್ದಿದ ಹತ್ತು ಸಾಲಿಗೆ ಕಾಣದ ಊರಿನ ಯಾರೋ “ನನ್ನ ಒಂದು ದಿನ ಉಳಿಯಿತು” ಎಂದು ಬರೆಯುತ್ತಾರೆ. ಕೆಲಸ ನಿಮ್ಮದು, ತೀರ್ಮಾನ ನಿಮ್ಮದು, ಹೆಸರೂ ನಿಮ್ಮದು. ಈ ತೃಪ್ತಿ ಸಣ್ಣದಲ್ಲ, ಅದು ಬೇಕು ಅನ್ನಿಸುವುದು ತಪ್ಪೂ ಅಲ್ಲ. ಆದರೆ ಅದೇ ಬಾಗಿಲಿನಿಂದ ಫೋನಿನ ನೋಟಿಫಿಕೇಶನ್ನೂ ಒಳಗೆ ಬರುತ್ತದೆ. ಅಮೆರಿಕದವರ ಮಧ್ಯಾಹ್ನ ನಮ್ಮ ನಡುರಾತ್ರಿ. ಆಗ ಬಂದ ಒರಟು ಮಾತು ಓದಿ ಮಲಗಿದರೆ ನಿದ್ದೆ ಬರುವುದಿಲ್ಲ, ಬೆಳಿಗ್ಗೆ ಸಿಟ್ಟು ಮಗಳ ಮೇಲೆ ಹೋಗುತ್ತದೆ. ಸಮಯದ ಲೆಕ್ಕದಲ್ಲಿ ಇದು ಎಲ್ಲಿಯೂ ಕಾಣದು. ಮನೆಯವರ ಕಣ್ಣಿಗೆ ಮಾತ್ರ ಬೀಳುತ್ತದೆ.

ಈಗ ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಗಂಭೀರವಾಗಿ ಕಂಡ ವಿಷಯ: ಮೂರು ಸಲ ಮೇಲ್ ಮಾಡಿದ ಆ ಅಪರಿಚಿತ. ಒಳ್ಳೆಯ ಮನಸ್ಸಿನವನೇ ಇರಬಹುದು, ಬಹುತೇಕರು ಹಾಗೆಯೇ ಇರುತ್ತಾರೆ. ಆದರೆ ಎಕ್ಸ್‌ಜೆಡ್ ಪ್ರಕರಣ ಗೊತ್ತಿರಲಿ. ಲಿನಕ್ಸ್ ಸರ್ವರುಗಳಲ್ಲಿ ಎಲ್ಲೆಡೆ ಇರುವ, ಫೈಲುಗಳನ್ನು ಕುಗ್ಗಿಸುವ ಆ ಸಲಕರಣೆಯನ್ನು ಒಬ್ಬರೇ ಮೇಂಟೇನರ್ ಬಿಡುವಿನಲ್ಲಿ ನೋಡಿಕೊಳ್ಳುತ್ತಿದ್ದರು. 2022ರಲ್ಲಿ ಬೇರೆ ಬೇರೆ ಹೆಸರಿನವರು ಕೆಲಸ ನಿಧಾನವಾಯಿತು, ಹೊಸ ಮೇಂಟೇನರ್ ಬೇಕು ಎಂದು ಅವರ ಮೇಲೆ ಒತ್ತಡ ಹಾಕಿದರು. ತನ್ನ ಮನಸ್ಸಿನ ಆರೋಗ್ಯ ಸರಿಯಿಲ್ಲ, ಇದು ಸಂಬಳವಿಲ್ಲದ ಹವ್ಯಾಸ ಎಂದು ಅವರು ಬಹಿರಂಗವಾಗಿಯೇ ಬರೆದರು. ಅಷ್ಟರಲ್ಲಿ ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ಒಬ್ಬರು ತಾಳ್ಮೆಯಿಂದ ಒಳ್ಳೆಯ ಪ್ಯಾಚುಗಳನ್ನು (ಕೋಡಿನ ತಿದ್ದುಪಡಿಗಳನ್ನು) ಕಳಿಸುತ್ತ ನಂಬಿಕೆ ಗಳಿಸಿ ಮೇಂಟೇನರ್ ಆದರು. 2024ರಲ್ಲಿ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಸೇರಿತು. ಎಸ್‌ಎಸ್‌ಎಚ್ (ದೂರದ ಸರ್ವರನ್ನು ಸೇರುವ ದಾರಿ) ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನು ಹತ್ತಿದ್ದರಿಂದ ಮಾರ್ಚ್ 29ರಂದು ಅದು ಬಯಲಾಯಿತು. ಅದಕ್ಕೂ ಮೊದಲು, 2018ರಲ್ಲಿ, ಈವೆಂಟ್-ಸ್ಟ್ರೀಮ್ ಎಂಬ ಎನ್‌ಪಿಎಂ (ಜಾವಾಸ್ಕ್ರಿಪ್ಟ್ ಕೋಡಿನ ಭಂಡಾರ) ಪ್ಯಾಕೇಜನ್ನು ಅದರ ಕರ್ತೃ ಕೇಳಿಕೊಂಡು ಬಂದ ಅಪರಿಚಿತನಿಗೆ ವಹಿಸಿದ್ದರು. ಆತ ಬಿಟ್‌ಕಾಯಿನ್ ಕದಿಯುವ ಕೋಡನ್ನು ಒಳಗೆ ನುಸುಳಿಸಿದ.

ಸುಸ್ತಾದ ಮೇಂಟೇನರ್ ಎಂದರೆ ಭದ್ರತೆಗೂ ಅಪಾಯ. ನಿಮ್ಮ ನಿದ್ದೆಯ ಪ್ರಶ್ನೆ ನಿಮ್ಮ ಮನೆಯದಷ್ಟೇ ಆಗಿ ಉಳಿಯದಿರುವುದು ಇಲ್ಲಿ. ಹಾಗಾಗಿ ಆ ಅಪರಿಚಿತನಿಗೆ ಸೌಜನ್ಯದಿಂದಲೇ ಉತ್ತರಿಸಿ, ಆದರೆ ಕೀಲಿಕೈ ಕೊಡಬೇಡಿ. ತಾಂತ್ರಿಕವಾಗಿ ಒಂದು ಮಾತು: ಗಿಟ್‌ಹಬ್‌ನ ವೈಯಕ್ತಿಕ ಖಾತೆಯಲ್ಲಿರುವ ರೆಪೊಸಿಟರಿಗೆ (ಕೋಡ್ ಇಟ್ಟ ಜಾಗಕ್ಕೆ) ಯಾರನ್ನಾದರೂ ಸೇರಿಸಿದರೆ ಅವರಿಗೆ ನೇರವಾಗಿ ಕೋಡ್ ಬರೆಯುವ ಹಕ್ಕೇ ಸಿಗುತ್ತದೆ. ಅದನ್ನು ಉಚಿತ ಆರ್ಗನೈಸೇಶನ್ ಖಾತೆಗೆ ಸಾಗಿಸಿದರೆ ‘ಟ್ರಯಾಜ್’ ಎಂಬ ಹಕ್ಕು ಕೊಡಬಹುದು. ಇಶ್ಯೂಗಳಿಗೆ ಲೇಬಲ್ ಹಾಕುವುದು, ಒಂದೇ ದೂರು ಎರಡು ಸಲ ಬಂದಿದ್ದರೆ ಮುಚ್ಚುವುದು ಅಷ್ಟೇ, ಕೋಡಿಗೆ ಕೈ ಹಾಕಲಾಗದು. ನಿಮ್ಮ ಭಾರದಲ್ಲಿ ದೊಡ್ಡ ಪಾಲು ಇದೇ ಇರುತ್ತದೆ. ಹೊಸಬರು ಒಂದು ವರ್ಷ ಇದನ್ನು ಮಾಡಲಿ. ಪೈಥಾನ್ ಲೈಬ್ರರಿಗಳನ್ನು ಹಂಚುವ ಪೈಪಿಐ ತಾಣದಲ್ಲಿ ಬಿಡುಗಡೆ ಮಾಡುವ ಹಕ್ಕನ್ನು ನೀವು ಮುಖಾಮುಖಿ ಕಂಡವರಿಗೆ, ಅಥವಾ ಬೇರೆ ಯೋಜನೆಗಳಲ್ಲಿ ವರ್ಷಗಟ್ಟಲೆ ಹೆಸರಿರುವವರಿಗೆ ಮಾತ್ರ ಕೊಡಿ. ನಿಮ್ಮ ಲೈಬ್ರರಿಯನ್ನು ಬಳಸುವ ಕಂಪನಿಯ ಎಂಜಿನಿಯರುಗಳಲ್ಲೇ ಅಂಥವರು ಸಿಗುವುದುಂಟು. ಅವರನ್ನು ನೀವೇ ಕೇಳಿ. ತಾವಾಗಿ ಬಂದವರಿಗಿಂತ ನೀವು ಹುಡುಕಿ ಕರೆದವರು ಮೇಲು ಎಂಬುದು ನನ್ನ ಅನುಭವ.

ಎಚ್‌ಆರ್ ಫಾರ್ಮಿಗೆ ಇನ್ನೂ ಸಹಿ ಹಾಕಿಲ್ಲವಾದರೆ ತಡೆಯಿರಿ. ನನ್ನ ಲ್ಯಾಪ್‌ಟಾಪ್, ನನ್ನ ಸಮಯ, ಹಾಗಾಗಿ ಕೋಡ್ ನನ್ನದು ಎಂದು ಬಹಳ ಮಂದಿ ತಿಳಿದಿದ್ದಾರೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ನಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿಯ ಕೆಲಸದ ಭಾಗವಾಗಿ ಬರೆದದ್ದಕ್ಕೆ ಮೊದಲ ಮಾಲೀಕರು ನೌಕರಿ ಕೊಟ್ಟವರು. ಬಿಡುವಿನಲ್ಲಿ ಬರೆದದ್ದು ಅದರಲ್ಲಿ ತಾನಾಗಿ ಸೇರುವುದಿಲ್ಲ. ಆದರೆ ನೀವು ಸಹಿ ಹಾಕುವ ಕಾಗದ ಆ ಗೆರೆಯನ್ನು ಎಷ್ಟು ದೂರಕ್ಕೂ ಎಳೆಯಬಹುದು. ಕ್ಯಾಲಿಫೋರ್ನಿಯಾದಲ್ಲಿ ನೌಕರರು ಸ್ವಂತ ಸಮಯದಲ್ಲಿ ಕಂಡುಹಿಡಿದದ್ದನ್ನು ಕಾಪಾಡುವ ಪ್ರತ್ಯೇಕ ಕಾನೂನಿದೆ, ಇಲ್ಲಿಯವರು ಅದನ್ನು ನೆಚ್ಚಿ ಕೂರುವಂತಿಲ್ಲ. ಹಾಗಾಗಿ ಲೈಬ್ರರಿಯ ಹೆಸರು, ಲೈಸೆನ್ಸ್, ಶುರುವಾದ ವರ್ಷ, ಕಂಪನಿಯ ವ್ಯವಹಾರಕ್ಕೆ ಇದು ಸಂಬಂಧಿಸಿಲ್ಲ ಎಂಬುದು, ಇಷ್ಟನ್ನು ಬರೆದು, ಇದನ್ನು ಹೊರತುಪಡಿಸಿ ಎಂದು ಇಮೇಲಿನಲ್ಲಿ ಕೇಳಿ. ಮೌಖಿಕ ಒಪ್ಪಿಗೆ ಸಾಲದು. ಮ್ಯಾನೇಜರ್ ಬದಲಾದರೆ ಅದೂ ಹೋಯಿತು. ಹಲವು ಯೋಜನೆಗಳು ಪ್ರತಿ ಪ್ಯಾಚಿನ ಕೆಳಗೆ ‘ಸೈನ್ಡ್-ಆಫ್-ಬೈ’ ಸಾಲು ಕೇಳುತ್ತವೆ. ಈ ಕೋಡನ್ನು ಕೊಡುವ ಹಕ್ಕು ನನಗಿದೆ ಎಂಬ ಪ್ರಮಾಣ ಅದು. ಕೋಡ್ ಕಂಪನಿಯದಾದರೆ ಆ ಪ್ರಮಾಣವೇ ಸುಳ್ಳಾಗುತ್ತದೆ. ಎಚ್‌ಆರ್ ಒಪ್ಪದಿದ್ದರೆ ಸಹಿಗೆ ಮೊದಲು ಒಬ್ಬ ವಕೀಲರಿಗೆ ಕಾಗದ ತೋರಿಸಿ.

ಹಣದ ವಿಷಯ ಬೇಗ ಮುಗಿಸುತ್ತೇನೆ. ಗಿಟ್‌ಹಬ್ ಸ್ಪಾನ್ಸರ್ಸ್‌ನಂಥ ಕಡೆ ದೇಣಿಗೆ ಪಡೆಯಬಹುದು. ಷೇರು ವ್ಯವಹಾರದ ಕಂಪನಿ ಝೆರೋಧಾದವರು 2024ರ ಅಕ್ಟೋಬರಿನಲ್ಲಿ ಇಂಥ ಯೋಜನೆಗಳಿಗೆಂದೇ ವರ್ಷಕ್ಕೆ 10 ಲಕ್ಷ ಡಾಲರಿನ ನಿಧಿ ಘೋಷಿಸಿದರು. ಆದರೆ ಹಣ ಬಂದ ದಿನದಿಂದ ನಿಮ್ಮ ಹವ್ಯಾಸಕ್ಕೆ ಗಡುವು ಹುಟ್ಟುತ್ತದೆ. ಬಂದದ್ದಕ್ಕೆ ತೆರಿಗೆ ಲೆಕ್ಕ ಕೊಡಬೇಕು. ನೌಕರಿಯ ಕರಾರಿನಲ್ಲಿ ಬೇರೆ ಆದಾಯ ಕೂಡದು ಎಂದಿದ್ದರೆ ಅದೂ ತಕರಾರಾಗುತ್ತದೆ. ಪ್ರತಿಸ್ಪರ್ಧಿ ಕಂಪನಿಗಳಿಗೂ ದುಡಿಯುತ್ತಿದ್ದರೆಂದು ವಿಪ್ರೊ 300 ಮಂದಿಯನ್ನು ತೆಗೆದದ್ದು 2022ರಲ್ಲಿ ದೊಡ್ಡ ಸುದ್ದಿಯಾಗಿತ್ತು. ನಿಮ್ಮದು ಆ ಬಗೆಯದಲ್ಲ, ಆದರೂ ಅಂದಿನಿಂದ ಎಚ್‌ಆರ್‌ಗಳು ಈ ಸಾಲನ್ನು ಕಣ್ಣಿಟ್ಟು ಓದುತ್ತಾರೆ. ಈಗಿನ ನಿಮ್ಮ ಸ್ಥಿತಿಯಲ್ಲಿ ನಾನು ಹಣದ ದಾರಿ ಹಿಡಿ ಎನ್ನುವುದಿಲ್ಲ. ನಿಮ್ಮ ಕಂಪನಿಯೇ ಆ ಲೈಬ್ರರಿಯನ್ನು ಬಳಸುತ್ತಿದ್ದರೆ ಮಾತ್ರ ವಾರಕ್ಕೆ ಎರಡು ಗಂಟೆ ಆಫೀಸ್ ಸಮಯ ಕೊಡಿ ಎಂದು ಕೇಳಿ ನೋಡಬಹುದು. ಆಗ ಕೋಡ್ ಯಾರದು ಎಂಬ ಪ್ರಶ್ನೆ ಮತ್ತೆ ಏಳುತ್ತದೆ, ಮೊದಲೇ ಬರೆಸಿಕೊಳ್ಳಿ.

ನಿಮ್ಮ ಜಾಗದಲ್ಲಿದ್ದರೆ ನಾನು ಮಾಡುವುದು ಇಷ್ಟು. ರಾತ್ರಿಯ ಕೆಲಸ ಪೂರ್ತಿ ನಿಲ್ಲಿಸುತ್ತೇನೆ. ಬದಲಿಗೆ ವಾರಕ್ಕೊಂದು ಹೊತ್ತು, ಉದಾಹರಣೆಗೆ ಶನಿವಾರ ಬೆಳಿಗ್ಗೆ ಎರಡು ಗಂಟೆ, ಹೆಂಡತಿಯೊಂದಿಗೆ ಕೂತು ಗೊತ್ತು ಮಾಡಿಕೊಳ್ಳುತ್ತೇನೆ. ಅವರಿಗೂ ಅಷ್ಟೇ ಸಮಯ, ಮನೆಯ ಯಾವ ಕೆಲಸವೂ ಇಲ್ಲದ ಸಮಯ, ವಾರದಲ್ಲಿ ಇನ್ನೊಂದು ಹೊತ್ತು ಸಿಗಬೇಕು. ಆ ಹೊತ್ತಿನಲ್ಲಿ ಮಗಳೂ ಅಪ್ಪನೂ ನಿಮ್ಮ ಜವಾಬ್ದಾರಿ. ಇದಿಲ್ಲದೆ ಮಾಡಿದ ಒಪ್ಪಂದ ಒಂದು ತಿಂಗಳು ಬಾಳುವುದಿಲ್ಲ. ಅಪ್ಪ ಆಸ್ಪತ್ರೆ ಸೇರಿದರೆ, ಮಗಳಿಗೆ ಜ್ವರ ಬಂದರೆ ಆ ವಾರದ ಶನಿವಾರ ಇಲ್ಲ, ಮುಂದಿನ ವಾರ ಅದನ್ನು ಸರಿದೂಗಿಸುವುದೂ ಇಲ್ಲ.

ಆಮೇಲೆ ಲೈಬ್ರರಿಯ ಪರಿಚಯವಿರುವ ರೀಡ್‌ಮಿ ಫೈಲಿನ ಮೇಲ್ಭಾಗದಲ್ಲೇ ನಾಲ್ಕು ಸಾಲು: ಈ ಲೈಬ್ರರಿಯನ್ನು ಒಬ್ಬರು ಬಿಡುವಿನಲ್ಲಿ ನೋಡಿಕೊಳ್ಳುತ್ತಾರೆ, ಇಶ್ಯೂಗಳನ್ನು ವಾರಕ್ಕೊಮ್ಮೆ ಓದಲಾಗುತ್ತದೆ, ಹೊಸ ಫೀಚರುಗಳನ್ನು ಸದ್ಯಕ್ಕೆ ಸೇರಿಸುತ್ತಿಲ್ಲ, ಭದ್ರತೆಯ ದೋಷವಿದ್ದರೆ ಖಾಸಗಿಯಾಗಿ ಹೀಗೆ ತಿಳಿಸಿ. ಕೊನೆಯ ಸಾಲನ್ನು ಮರೆಯಬೇಡಿ. ಬೇರೆಲ್ಲವನ್ನೂ ಕಾಯಿಸಬಹುದು, ಭದ್ರತೆಯ ದೋಷವನ್ನು ಕಾಯಿಸಬಾರದು. ಅದಕ್ಕೂ ಕೈಲಾಗದ ಕಾಲ ಬಂದರೆ ರೆಪೊಸಿಟರಿಯನ್ನು ಆರ್ಕೈವ್ ಮಾಡಿ. ಎಲ್ಲರೂ ಓದಬಹುದು, ನಕಲು ಮಾಡಿಕೊಂಡು ಮುಂದುವರಿಸಬಹುದು, ಇಲ್ಲಿ ಇನ್ನು ಯಾರೂ ಇಲ್ಲವೆಂಬುದೂ ಗೊತ್ತಾಗುತ್ತದೆ. ಫೋನಿನಿಂದ ಗಿಟ್‌ಹಬ್ ಆ್ಯಪ್ ತೆಗೆಯಿರಿ. ಜೋರು ಮಾಡುವವರಿಗೆ ಒಂದೇ ಉತ್ತರ ಬರೆದು ‘ಸೇವ್ಡ್ ರಿಪ್ಲೈ’ ಆಗಿ ಇಟ್ಟುಕೊಳ್ಳಿ. ಊರಿಗೆ ಹೋಗುವಾಗ, ಅಥವಾ ಗಲಾಟೆ ಹೆಚ್ಚಾದಾಗ, ಹೊಸಬರು ಕಾಮೆಂಟ್ ಹಾಕದಂತೆ ಆರು ತಿಂಗಳವರೆಗೂ ತಡೆ ಹಾಕುವ ವ್ಯವಸ್ಥೆ ಗಿಟ್‌ಹಬ್‌ನಲ್ಲೇ ಇದೆ. ಇದರಿಂದ ಕೆಲವು ಬಳಕೆದಾರರು ಬೇರೆ ಲೈಬ್ರರಿಗೆ ಹೋಗುತ್ತಾರೆ, ಒಬ್ಬಿಬ್ಬರು ಫೋರ್ಕ್ ಮಾಡಿ, ಅಂದರೆ ನಕಲು ಮಾಡಿಕೊಂಡು, ಬೇರೆಯಾಗಿ ಮುಂದುವರಿಸುತ್ತಾರೆ, ಯಾರೋ ಕೆಟ್ಟದಾಗಿ ಬರೆಯುತ್ತಾರೆ. ಅಷ್ಟು ನಷ್ಟ ಇದ್ದೇ ಇದೆ. ಮೊದಲ ಎರಡು ತಿಂಗಳು ಕೈ ಕಟ್ಟಿಹಾಕಿದಂತೆಯೂ ಅನ್ನಿಸುತ್ತದೆ.

ರಾತ್ರಿ ಕೂರುವುದನ್ನು ಬಿಟ್ಟ ಮೇಲೂ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಂತೆ ವಾರಗಟ್ಟಲೆ ಅನ್ನಿಸಿದರೆ ಅದು ವೇಳಾಪಟ್ಟಿಯ ಸಮಸ್ಯೆ ಅಲ್ಲ, ಡಾಕ್ಟರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೂ ಮಾತಾಡಬಹುದು.

ಉಳಿದದ್ದು ಕನ್ನಡ ಅನುವಾದ. ಇದನ್ನು ಬಿಡಬೇಡಿ ಎಂದೇ ನನ್ನ ಆಸೆ. ಪೈಥಾನ್ ಲೈಬ್ರರಿ ನೋಡಿಕೊಳ್ಳಬಲ್ಲವರು ಲೋಕದ ತುಂಬ ಇದ್ದಾರೆ. ಗ್ನೋಮ್‌ನ ಒಂದು ಸಾಲನ್ನು ನಮ್ಮ ಹಳ್ಳಿಯ ಶಾಲೆಯ ಹುಡುಗಿಗೂ ತಿಳಿಯುವ ಕನ್ನಡಕ್ಕೆ ತರುವವರು ಬೆರಳೆಣಿಕೆಯಷ್ಟು. ಮೇಲಾಗಿ ಈ ಕೆಲಸ ಮನೆಗೆ ಹೊಂದುವಂಥದ್ದು. ಗ್ನೋಮ್ ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ, ಹೊಸ ಆವೃತ್ತಿ ಬಿಡುತ್ತದೆ. ಅದಕ್ಕೆ ಕೆಲವು ವಾರ ಮೊದಲು ಇಂಗ್ಲಿಷ್ ಸಾಲುಗಳನ್ನು ಬದಲಿಸದಂತೆ ನಿಲ್ಲಿಸುತ್ತಾರೆ. ಅನುವಾದಕರ ಕೆಲಸಕ್ಕೆ ತಕ್ಕ ಕಾಲ ಅದು. ವರ್ಷದ ಉಳಿದ ದಿನ ನಿಮ್ಮನ್ನು ಯಾರೂ ಕೇಳುವುದಿಲ್ಲ. ಸೆಪ್ಟೆಂಬರಿನ ಸರದಿ ಹೆಚ್ಚುಕಡಿಮೆ ಗಣಪತಿ ಹಬ್ಬದ ಮೇಲೆಯೇ ಬಂದು ಕೂರುತ್ತದೆ, ಪುಣೆಯಲ್ಲಿ ಆ ಹತ್ತು ದಿನ ಯಾವ ಮನೆಯಲ್ಲೂ ಬಿಡುವಿರುವುದಿಲ್ಲ. ಹಾಗಾಗಿ ಆ ಸರದಿಯನ್ನು ಬೆಂಗಳೂರಿನಲ್ಲೋ ಧಾರವಾಡದಲ್ಲೋ ಇರುವ ಇನ್ನೊಬ್ಬ ಅನುವಾದಕರಿಗೆ ಬಿಟ್ಟುಕೊಟ್ಟು, ಮಾರ್ಚಿನದನ್ನು ಮಾತ್ರ ನೀವು ಇಟ್ಟುಕೊಳ್ಳಿ. ಮಾರ್ಚ್ ಕೊನೆ ಬ್ಯಾಂಕಿನವರಿಗೆ ವರ್ಷದಲ್ಲೇ ಹೆಚ್ಚು ಕೆಲಸದ ಸಮಯ, ನಿಮ್ಮ ಪಾಲಿನ ಅನುವಾದವನ್ನು ಫೆಬ್ರವರಿಯಲ್ಲೇ ಮುಗಿಸಿಬಿಡಿ.